ಪೈಲ್ಸ್ ಆಪರೇಷನ್ ಆದಮೇಲೆ ಬಿಂದಿಗೆ ಎತ್ತಬಹುದಾ?

ಹರಿಯಬ್ಬೆಯಲ್ಲಿ ವ್ಯಾಯಾಮ ಅನ್ನುವ ಮಾತು ಅಷ್ಟಾಗಿ ಕೇಳಿಬರುವುದಿಲ್ಲ. ಬೆಳಗಿನ ಜಾವ ರಸ್ತೆಯಲ್ಲಿ ಓಡುವವರು ಪೊಲೀಸ್ ಇಲ್ಲವೇ ಮಿಲಿಟರಿ ಸೆಲೆಕ್ಷನ್ನಿಗೆ ತಯಾರಾಗುವ ಹುಡುಗರು ಮಾತ್ರ. ಉಳಿದವರನ್ನು ಕೇಳಿದರೆ, "ದಿನಾ ಹೊಲ್ದಾಗೆ ಮಾಡೋದು ಸಾಲ್ದಾ?" ಅನ್ನುತ್ತಾರೆ.

ಆ ಮಾತು ಸುಳ್ಳಲ್ಲ. ಒಂದು ಲೆಕ್ಕ ಹಾಕಿ ನೋಡಿ. ಶುದ್ಧ ನೀರಿನ ಘಟಕದಿಂದ ತರುವ ಕ್ಯಾನ್ 20 ಲೀಟರ್, ಅಂದರೆ 20 ಕೆಜಿ. ಯೂರಿಯಾ ಚೀಲ 45 ಕೆಜಿ. ಡಿಎಪಿ 50 ಕೆಜಿ. 16 ಲೀಟರಿನ ಔಷಧಿ ಪಂಪನ್ನು ತುಂಬಿಸಿ ಬೆನ್ನಿಗೆ ಹಾಕಿಕೊಂಡರೆ ಪಂಪಿನ ತೂಕವೂ ಸೇರಿ 20 ಕೆಜಿ ಆಸುಪಾಸು. ಪೇಟೆಯವರು ಜಿಮ್ಮಿಗೆ ದುಡ್ಡು ಕಟ್ಟಿ ಎತ್ತುವ ತೂಕವನ್ನು ನಮ್ಮವರು ಬೆಳಗಿನ ಕಾಫಿಗೆ ಮುಂಚೆಯೇ ಎತ್ತಿರುತ್ತಾರೆ. ಅದಕ್ಕೆ ಯಾರೂ ವ್ಯಾಯಾಮ ಅಂತ ಹೆಸರಿಟ್ಟಿಲ್ಲ, ಅಷ್ಟೆ.

ಹೆಸರಿಡದೆ ಇದ್ದುದರಿಂದ ಏನಾಗುತ್ತದೆ ಅನ್ನುವುದು ನಮಗೆ ಗೊತ್ತಾದದ್ದು ಅಪ್ಪನಿಗೆ ಪೈಲ್ಸ್ ಆಪರೇಷನ್ ಆದಾಗ. ಶೇಂಗಾ ಕೀಳುವುದಕ್ಕೆ ಇನ್ನು ಹತ್ತು ದಿನ ಇತ್ತು. ಡಿಸ್ಚಾರ್ಜ್ ಚೀಟಿಯಲ್ಲಿ ನಾಲ್ಕೈದು ಸಾಲು ಸಲಹೆ ಬರೆದಿದ್ದರು. ಅದರಲ್ಲೊಂದು: ಆರು ವಾರ ಭಾರಿ ವ್ಯಾಯಾಮ ಮಾಡಬಾರದು. ಓದಿ ಹೇಳಿದಾಗ ಅಪ್ಪ, "ನಾವೇನ್ ಗರಡಿ ಮನೆಗೆ ಹೋಗ್ತೀವಾ, ಬಿಡು" ಅಂದರು. ಆ ಸಾಲು ತನಗಲ್ಲ, ಬೇರೆ ಯಾರಿಗೋ ಬರೆದದ್ದು ಅಂತಲೇ ಅವರ ಲೆಕ್ಕ.

ಇದನ್ನು ಬರೆಯುವ ಮುಂಚೆ ಅಪ್ಪನ ಒಪ್ಪಿಗೆ ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆಸ್ರು ಬ್ಯಾಡ, ಊರು ಬೇಕಾದ್ರೆ ಬರ್ಕಳ್ರಿ" ಅಂದರು. ಹಾಗಾಗಿ ಊರು ಬರೆದಿದ್ದೇವೆ.

ಭಾರ ಎತ್ತಿದರೆ ಅಲ್ಲಿ ಏನಾಗುತ್ತದೆ?

ಮೂಲವ್ಯಾಧಿ ಹೊರಗಿಂದ ಬಂದು ಸೇರುವ ಗಡ್ಡೆಯಲ್ಲ. ಗುದದ್ವಾರದ ಒಳಗೆ ಎಲ್ಲರಿಗೂ ರಕ್ತನಾಳಗಳಿಂದಾದ ಮೆತ್ತನೆಯ ದಿಂಬಿನಂಥ ಭಾಗ ಇರುತ್ತದೆ. ಗಾಳಿ, ಮಲ ತಾನಾಗಿ ಸೋರದಂತೆ ಮುಚ್ಚಿಡುವುದಕ್ಕೆ ಅದು ಸಹಾಯ ಮಾಡುತ್ತದೆ. ವರ್ಷಗಟ್ಟಲೆ ಮಲಬದ್ಧತೆಯಿಂದ ತಿಣುಕಿದಾಗ, ಬಸಿರಿನ ಭಾರ ಬಿದ್ದಾಗ, ಕೆಮ್ಮು ಬಿಡದೆ ಕಾಡಿದಾಗ ಈ ದಿಂಬು ಊದಿಕೊಂಡು ಕೆಳಗೆ ಜಾರುತ್ತದೆ. ರಕ್ತ ಬೀಳುತ್ತದೆ, ಕೆಲವರಿಗೆ ಹೊರಗೂ ಬರುತ್ತದೆ.

ಚೀಲ ಎತ್ತುವಾಗ ನಾವೆಲ್ಲ ಏನು ಮಾಡುತ್ತೇವೆ? ಉಸಿರು ಬಿಗಿಹಿಡಿದು, ಹೊಟ್ಟೆ ಗಟ್ಟಿ ಮಾಡಿ, ಒಂದೇ ಸಲಕ್ಕೆ ಎತ್ತುತ್ತೇವೆ. ಆಗ ಹೊಟ್ಟೆಯೊಳಗಿನ ಒತ್ತಡವೆಲ್ಲ ಕೆಳಕ್ಕೆ ಇಳಿಯುತ್ತದೆ. ಪಾಯಿಖಾನೆಯಲ್ಲಿ ತಿಣುಕುವಾಗ ಆಗುವುದೂ ಇದೇ. ಆಪರೇಷನ್ ಆದ ಜಾಗ ಇನ್ನೂ ಹಸಿ ಗಾಯವಾಗಿದ್ದಾಗ ಈ ಒತ್ತಡ ಬಿದ್ದರೆ ನೋವು ಹೆಚ್ಚುತ್ತದೆ, ರಕ್ತ ಮತ್ತೆ ಶುರುವಾಗಬಹುದು. ಗಾಯಕ್ಕೆ ಜಿಮ್ಮಿನ ಕಬ್ಬಿಣವೂ ಒಂದೇ, ಶೇಂಗಾ ಚೀಲವೂ ಒಂದೇ.

ಎಲ್ಲ ಚಿಕಿತ್ಸೆಯೂ ಒಂದೇ ಅಲ್ಲ

ಊರಲ್ಲಿ "ಪೈಲ್ಸ್ ಆಪರೇಷನ್" ಅಂತ ಒಂದೇ ಹೆಸರಲ್ಲಿ ಕರೆಯುತ್ತೇವೆ. ಒಳಗೆ ನೋಡಿದರೆ ಅದರಲ್ಲಿ ಹಲವು ಬಗೆ ಇವೆ. ಸಣ್ಣದಾಗಿದ್ದರೆ ಮೂಲವ್ಯಾಧಿಯ ಬುಡಕ್ಕೆ ರಬ್ಬರ್ ಬ್ಯಾಂಡ್ ಹಾಕುತ್ತಾರೆ, ಇಲ್ಲವೇ ಇಂಜೆಕ್ಷನ್ ಕೊಟ್ಟು ಕುಗ್ಗಿಸುತ್ತಾರೆ. ಬ್ಯಾಂಡ್ ಹಾಕಿದ ಭಾಗ ಒಣಗಿ ಒಂದು ವಾರ, ಹತ್ತು ದಿನದಲ್ಲಿ ತಾನಾಗಿ ಉದುರುತ್ತದೆ. ಬಹಳ ಜನ ಒಂದೆರಡು ದಿನದಲ್ಲೇ ಹಗುರ ಕೆಲಸಕ್ಕೆ ಮರಳುತ್ತಾರೆ. ಆದರೆ ಬ್ಯಾಂಡ್ ಉದುರುವ ಹೊತ್ತಿಗೆ ರಕ್ತ ಬರುವ ಸಾಧ್ಯತೆ ಇರುವುದರಿಂದ ಭಾರ ಎತ್ತುವುದಕ್ಕೆ ಮಾತ್ರ ಅವಸರ ಮಾಡಬಾರದು.

ದೊಡ್ಡದಾಗಿದ್ದರೆ ಕತ್ತರಿಸಿ ತೆಗೆಯುತ್ತಾರೆ. ಅಪ್ಪನಿಗೆ ಆದದ್ದು ಇದು. ಇದರಲ್ಲಿ ನೋವು ಜಾಸ್ತಿ, ಗಾಯ ಪೂರ್ತಿ ಮಾಯುವುದಕ್ಕೆ ನಾಲ್ಕರಿಂದ ಆರು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಸ್ಟೇಪ್ಲರ್, ಲೇಸರ್ ಮುಂತಾದ ವಿಧಾನಗಳೂ ಇವೆ. ಅವುಗಳಲ್ಲಿ ಮೊದಮೊದಲ ನೋವು ಸಾಮಾನ್ಯವಾಗಿ ಕಡಿಮೆ, ಆದರೂ ಒಳಗೆ ಗಾಯ ಇದ್ದೇ ಇರುತ್ತದೆ.

ಅಮೆರಿಕದಲ್ಲಿ ಜಾರ್ಜ್ ಬ್ರೆಟ್ ಅಂತ ಬೇಸ್‌ಬಾಲ್ ಆಟಗಾರ ಇದ್ದರು. 1980ರ ಅಕ್ಟೋಬರ್‌ನಲ್ಲಿ ಅಲ್ಲಿನ ದೊಡ್ಡ ಪಂದ್ಯಾವಳಿ ವರ್ಲ್ಡ್ ಸೀರೀಸ್ ನಡೆದಿತ್ತು. ಎರಡನೇ ಪಂದ್ಯದಲ್ಲಿ ಮೂಲವ್ಯಾಧಿ ನೋವು ತಾಳಲಾರದೆ ಅವರು ಮಧ್ಯದಲ್ಲೇ ಹೊರಗೆ ಬಂದರು. ಒಂದು ಸಣ್ಣ ಚಿಕಿತ್ಸೆ ಮಾಡಿಸಿಕೊಂಡು ಮೂರನೇ ಪಂದ್ಯಕ್ಕೆ ಇಳಿದು ಹೋಮ್ ರನ್ ಹೊಡೆದರು. ಜನಕ್ಕೆ ನೆನಪಿರುವುದು ಇಷ್ಟೇ. ಆದರೆ ಮುಂದಿನ ವರ್ಷ, 1981ರಲ್ಲಿ, ಮೂಲವ್ಯಾಧಿಯನ್ನು ಪೂರ್ತಿ ತೆಗೆಸುವುದಕ್ಕಾಗಿ ಅದೇ ಆಟಗಾರ ಸೀಸನ್ ಶುರುವಾಗುವ ಮುಂಚಿನ ಶಿಬಿರದಿಂದ ಎರಡು ವಾರ ಹೊರಗುಳಿದರು. ಹೀಗಾಗಿ "ಅವನು ಮಾರನೇ ದಿನವೇ ಬೈಕ್ ಓಡಿಸಿದ" ಅಂತ ಯಾರಾದರೂ ಹೇಳಿದರೆ, ಅವನಿಗೆ ಆದದ್ದು ಯಾವ ಚಿಕಿತ್ಸೆ ಅಂತ ಮೊದಲು ಕೇಳಬೇಕು.

ನಮ್ಮ ಮನೆಯ ಆರು ವಾರ

ಮೊದಲ ಸಲ ತೋರಿಸುವುದಕ್ಕೆ ಹೋದಾಗ ಅಮ್ಮ ನೇರವಾಗಿ ಕೇಳಿಬಿಟ್ಟರು: "ಡಾಕ್ಟ್ರೇ, ಭಾರ ಅಂದ್ರೆ ಎಷ್ಟು ಕೆಜಿ? ಎಷ್ಟು ದಿನ?" ಡಾಕ್ಟರ್ ನಕ್ಕು, ಬಿಡಿಸಿ ಹೇಳಿದರು. ಅವರು ಹೇಳಿದ್ದನ್ನು ಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಟ್ಟೆವು. ಕೆಳಗಿನದು ಅದರ ಸಾರ. ನಿಮ್ಮ ಡಾಕ್ಟರ್ ಬೇರೆ ಹೇಳಿದ್ದರೆ ಅವರ ಮಾತೇ ಮುಖ್ಯ.

ಮೊದಲ ಮೂರು ದಿನ: ಮಲಗಿಯೇ ಇರುವಂತಿಲ್ಲ. ಗಂಟೆ, ಎರಡು ಗಂಟೆಗೊಮ್ಮೆ ಎದ್ದು ಮನೆಯೊಳಗೆ, ಅಂಗಳದಲ್ಲಿ ಐದು ನಿಮಿಷ ಓಡಾಡಬೇಕು. ಓಡಾಡಿದರೆ ಕರುಳು ಕೆಲಸ ಮಾಡುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆಯಾಗುತ್ತದೆ. "ರೆಸ್ಟ್ ತಗೊಳ್ಳಿ" ಅಂದರೆ ಚಾಪೆ ಬಿಟ್ಟು ಏಳಬೇಡಿ ಅಂತ ಅರ್ಥವಲ್ಲ.

ಮೊದಲ ವಾರ: ಅಂಗಳದಿಂದ ಬೀದಿಯ ಕೊನೆ, ಅಲ್ಲಿಂದ ದೇವಸ್ಥಾನದ ತನಕ ನಡಿಗೆ. ದಿನಕ್ಕೆ ಎರಡು ಮೂರು ಸಲ, ಹತ್ತು ಹದಿನೈದು ನಿಮಿಷ, ಸಮತಟ್ಟಾದ ದಾರಿಯಲ್ಲಿ, ನಿಧಾನಕ್ಕೆ. ಎತ್ತುವುದು 4-5 ಕೆಜಿ ಒಳಗೆ. ಅಂದರೆ ಅರ್ಧಕ್ಕಿಂತ ಕಡಿಮೆ ತುಂಬಿದ ಸಣ್ಣ ಬಕೆಟ್. ತುಂಬಿದ ಬಿಂದಿಗೆ ಇಲ್ಲ, ಕ್ಯಾನ್ ಇಲ್ಲ, ಹುಲ್ಲಿನ ಹೊರೆ ಇಲ್ಲ, ಮೊಮ್ಮಗನನ್ನು ನೆಲದಿಂದ ಎತ್ತಿಕೊಳ್ಳುವುದೂ ಇಲ್ಲ. ಕೂತಲ್ಲಿಗೇ ಮಗುವನ್ನು ತಂದು ತೊಡೆ ಮೇಲೆ ಕೂರಿಸಿದೆವು.

ಎರಡನೇ ವಾರ: ಜನ ಎಡವುವುದು ಇಲ್ಲೇ. ನೋವು ಇಳಿದಿರುತ್ತದೆ, ಮೈ ಹಗುರಾಗಿರುತ್ತದೆ, ಸರಿಹೋಯಿತು ಅನ್ನಿಸುತ್ತದೆ. ಆದರೆ ಕತ್ತರಿಸಿದ ಗಾಯದಿಂದ ಎರಡನೇ ಸಲ ಜೋರಾಗಿ ರಕ್ತ ಬರುವುದಿದ್ದರೆ ಅದು ಹೆಚ್ಚಾಗಿ ಏಳನೇ ದಿನದಿಂದ ಹದಿನಾಲ್ಕನೇ ದಿನದ ಒಳಗೆ. ಕೆಲವರಿಗೆ ಏನೂ ಭಾರ ಎತ್ತದಿದ್ದರೂ ಆಗುತ್ತದೆ. ಅಪ್ಪನಿಗೆ ಒಂಬತ್ತನೇ ದಿನ ಬೆಳಗ್ಗೆ ಮಲದ ಜೊತೆ ಒಂದಿಷ್ಟು ರಕ್ತ ಕಾಣಿಸಿತು. ಆಸ್ಪತ್ರೆಗೆ ಫೋನ್ ಮಾಡಿದೆವು. ನಿಂತುಹೋಯಿತಾ, ಗಡ್ಡೆ ಗಡ್ಡೆಯಾಗಿ ಬಂತಾ, ತಲೆ ಸುತ್ತಿತಾ ಅಂತ ಕೇಳಿದರು. ಸ್ವಲ್ಪ ಬಂದು ನಿಂತಿತ್ತು. ಅವತ್ತು ನಡಿಗೆ ಕಡಿಮೆ ಮಾಡಿ, ಮತ್ತೆ ಬಂದರೆ ಕೂಡಲೇ ಕರೆತನ್ನಿ ಅಂದರು. ಮತ್ತೆ ಬರಲಿಲ್ಲ. ಆ ದಿನದಿಂದ ಅಪ್ಪ ಚೀಟಿಯ ಸಾಲು ತನಗೇ ಬರೆದದ್ದು ಅಂತ ಒಪ್ಪಿಕೊಂಡರು.

ಮೂರು, ನಾಲ್ಕನೇ ವಾರ: ನಡಿಗೆ ಅರ್ಧ ಗಂಟೆವರೆಗೆ. ನಿಂತು ಮಾಡುವ ಹಗುರ ಕೆಲಸ, ಹನಿ ನೀರಾವರಿಯ ವಾಲ್ವ್ ತಿರುಗಿಸುವುದು, ಹಸು ಮೇಯಿಸಲು ಹೋಗುವುದು. ಕುಕ್ಕರಗಾಲಲ್ಲಿ ಕೂತು ಗಂಟೆಗಟ್ಟಲೆ ಕಳೆ ತೆಗೆಯುವುದು ಇನ್ನೂ ಬೇಡ. ಸೈಕಲ್ ಬೇಡ, ಸೀಟು ನೇರವಾಗಿ ಆ ಜಾಗಕ್ಕೇ ಒತ್ತುತ್ತದೆ. ಬೈಕು, ಟ್ರ್ಯಾಕ್ಟರ್ ಅಂತೂ ನಮ್ಮ ಹೊಲದ ದಾರಿಯ ಗುಂಡಿಗಳಲ್ಲಿ ಸೈಕಲ್ಲಿಗಿಂತ ಕಡೆ.

ಐದು, ಆರನೇ ವಾರ: ಡಾಕ್ಟರ್ ನೋಡಿ ಗಾಯ ಮಾಯ್ದಿದೆ ಅಂದ ಮೇಲೆ ಸ್ವಲ್ಪ ಸ್ವಲ್ಪವಾಗಿ ಭಾರ. ಮೊದಲು ಅರ್ಧ ಬಿಂದಿಗೆ, ನಾಲ್ಕು ದಿನ ಬಿಟ್ಟು ಪೂರ್ತಿ ಬಿಂದಿಗೆ, ಆಮೇಲೆ ಚೀಲ. ನೋವು ಬಂದರೆ, ರಕ್ತ ಕಂಡರೆ ಹಿಂದಿನ ಮೆಟ್ಟಿಲಿಗೆ ವಾಪಸ್, ಡಾಕ್ಟರಿಗೂ ಒಂದು ಮಾತು. ಎತ್ತುವಾಗ ಮಂಡಿ ಮಡಚಿ, ಉಸಿರು ಹೊರಗೆ ಬಿಡುತ್ತಾ ಎತ್ತಬೇಕು. 45 ಕೆಜಿ ಚೀಲವನ್ನು ಒಬ್ಬರೇ ಹೆಗಲಿಗೆ ಹಾಕಿಕೊಳ್ಳುವುದನ್ನು ಅಪ್ಪ ಈಗಲೂ ಬಿಟ್ಟಿದ್ದಾರೆ. ಎರಡೂ ತುದಿಗೆ ಒಬ್ಬೊಬ್ಬರು.

ಸೊಂಟ ನೋವು ಅಂದಿದ್ದಕ್ಕೆ

ಇಷ್ಟೆಲ್ಲ ಕ್ಯಾಲೆಂಡರಿನಲ್ಲಿ ಬರೆಯಬಹುದು. ಶೇಂಗಾ ಅದನ್ನು ನೋಡಿ ನಿಲ್ಲುವುದಿಲ್ಲ. ನಮ್ಮಲ್ಲಿ ಕೂಲಿ ಆಳು ಸಿಗುವುದು ಕಷ್ಟವಾದ ಮೇಲೂ ಮುಯ್ಯಾಳು ಪದ್ಧತಿ ಉಳಿದುಕೊಂಡಿದೆ. ಅವರ ಹೊಲಕ್ಕೆ ನಾವು, ನಮ್ಮ ಹೊಲಕ್ಕೆ ಅವರು. ಬಿತ್ತನೆಯಲ್ಲಿ ಅವರು ಬಂದು ಹೋಗಿದ್ದರು. ಕೀಳುವಾಗ ನಾವು ಮುಯ್ಯಿ ತೀರಿಸಬೇಕಿತ್ತು. ಅದು ಬಿದ್ದದ್ದು ಅಪ್ಪನ ಹನ್ನೆರಡನೇ ದಿನಕ್ಕೆ.

ಅಪ್ಪ ಊರಿಗೆಲ್ಲ ಸೊಂಟ ನೋವು ಅಂದಿದ್ದರು. ಬಿಪಿ, ಶುಗರ್ ಆದರೆ ನಮ್ಮೂರಲ್ಲಿ ಕಟ್ಟೆ ಮೇಲೆ ಕೂತು ಮಾತ್ರೆ ಹೆಸರು ಸಮೇತ ಹೇಳುತ್ತಾರೆ. ಪೈಲ್ಸ್ ಅಂದರೆ ದನಿ ತಗ್ಗುತ್ತದೆ, ಇಲ್ಲವೇ ನಗು ಬರುತ್ತದೆ. ಆದರೆ ಸುಳ್ಳು ಕಾಯಿಲೆಗೆ ಸುಳ್ಳು ಮದ್ದೇ ಬರುತ್ತದೆ. ಒಬ್ಬರು ಸೊಂಟಕ್ಕೆ ಎಣ್ಣೆ ತಿಕ್ಕಿಸಿ ಅಂದರು. ಇನ್ನೊಬ್ಬರು, "ಸೊಂಟ ಹಿಡ್ದಿದ್ರೆ ಕೂರಬಾರ್ದು, ಬಗ್ಗಿ ಎರಡು ಸಾಲು ಕಿತ್ರೆ ತಾನೇ ಬಿಡ್ತತೆ" ಅಂದರು. ಕೇಳಿದವರಿಗೆ, ಮುಯ್ಯಿ ತಪ್ಪಿಸಿಕೊಳ್ಳುವುದಕ್ಕೆ ನೆಪ ಹೇಳುತ್ತಿದ್ದಾರೆ ಅಂತಲೂ ಅನ್ನಿಸಿರಬೇಕು. ನಮ್ಮೂರಲ್ಲಿ ಮುಯ್ಯಿ ತಪ್ಪಿಸಿದವನು ಅನ್ನಿಸಿಕೊಂಡರೆ ಮುಂದಿನ ವರ್ಷ ಹೊಲಕ್ಕೆ ಯಾರೂ ಬರುವುದಿಲ್ಲ.

ಕೊನೆಗೆ ಅಮ್ಮ ಹೋಗಿ ಆ ಮನೆಯ ಅತ್ತೆಗೆ ಇದ್ದದ್ದು ಇದ್ದ ಹಾಗೆ ಹೇಳಿದರು. ಮಾರನೇ ದಿನ ಆ ಮನೆಯ ಮಾವನೇ ಬಂದರು. ನಗಲಿಲ್ಲ. "ಕೀಳೋದು ಬ್ಯಾಡ. ಕಾಯಿ ಬಿಡಿಸೋ ಹೆಂಗಸ್ರು ಲೆಕ್ಕ ಬರ್ಕಳಾಕೆ ಒಬ್ರು ಬೇಕು, ಬಾ" ಅಂದರು. ಯಾರು ಎಷ್ಟು ಅಳತೆ ಬಿಡಿಸಿದರು ಅನ್ನುವುದನ್ನು ಬರೆಯುವುದು ನಿಂತು, ಓಡಾಡುತ್ತಾ ಮಾಡುವ ಕೆಲಸ. ಅಪ್ಪ ಎರಡು ದಿನ ಆ ನೋಟ್‌ಬುಕ್ ಹಿಡಿದು ಓಡಾಡಿದರು. ಅದನ್ನೂ ಒಂದಾಳು ಮುಯ್ಯಿ ಅಂತಲೇ ಲೆಕ್ಕಕ್ಕೆ ಹಿಡಿದರು. ಸಂಜೆ ಬಿಟ್ಟುಹೋಗುವಾಗ ಮಾವ ಸ್ವಲ್ಪ ಹಿಂದೆ ಉಳಿದು, ಯಾರಿಗೂ ಕೇಳದ ಹಾಗೆ, "ಎಲ್ಲಿ ತೋರ್ಸಿದ್ರಿ?" ಅಂತ ವಿಚಾರಿಸಿದರಂತೆ.

ಊರಿಗೆಲ್ಲ ಡಂಗುರ ಸಾರಬೇಕಿಲ್ಲ. ನಿಮಗೆ ಕೆಲಸ ಹೇಳುವವರಲ್ಲಿ ಒಬ್ಬರಿಗಾದರೂ ನಿಜ ಗೊತ್ತಿರಲಿ.

ಹೆಂಗಸರಿಗೆ ಆರು ವಾರ ಯಾರು ಕೊಡುತ್ತಾರೆ?

ಅಪ್ಪ ಮಲಗಿದಾಗ ನೀರು ತಂದದ್ದು ಅಮ್ಮ. ಅಮ್ಮನಿಗೇ ಆಪರೇಷನ್ ಆಗಿದ್ದರೆ ಯಾರು ತರುತ್ತಿದ್ದರು ಅಂತ ಮನೆಯಲ್ಲಿ ಒಂದು ದಿನ ಮಾತು ಬಂತು. ಯಾರೂ ಕೂಡಲೇ ಉತ್ತರ ಹೇಳಲಿಲ್ಲ.

ಬಸಿರಿನಲ್ಲಿ, ಹೆರಿಗೆ ಆದಮೇಲೆ ಮೂಲವ್ಯಾಧಿ ಕಾಣಿಸಿಕೊಳ್ಳುವುದು ಬಹಳ ಸಾಮಾನ್ಯ. ಜೊತೆಗೆ ಹೊಲದಲ್ಲಿ ಮರೆ ಇಲ್ಲ ಅಂತ ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಮಲ ಗಟ್ಟಿಯಾಗುವುದಕ್ಕೆ ಅದೂ ಒಂದು ಕಾರಣ. ಹೆಂಗಸರಿಗೆ ಚಿಕಿತ್ಸೆ ಆದಮೇಲೆ ಬಿಂದಿಗೆ, ಒಳಕಲ್ಲು, ನೆನೆದ ಬಟ್ಟೆಯ ಬಕೆಟ್, ಬಗ್ಗಿ ಕಸ ಗುಡಿಸುವುದು ಇವೆಲ್ಲ ಭಾರಿ ವ್ಯಾಯಾಮದ ಪಟ್ಟಿಯಲ್ಲೇ ಬರುತ್ತವೆ. ಆಪರೇಷನ್ ದಿನ ಗೊತ್ತು ಮಾಡುವಾಗಲೇ ಮುಂದಿನ ಒಂದು ತಿಂಗಳು ನೀರು ಯಾರು ತರುತ್ತಾರೆ ಅನ್ನುವುದನ್ನೂ ಗೊತ್ತು ಮಾಡಿಕೊಳ್ಳಿ.

ಓಡುವ ಹುಡುಗರಿಗೆ, ಯೋಗ ಮಾಡುವವರಿಗೆ

ಸೆಲೆಕ್ಷನ್ನಿಗೆ ತಯಾರಾಗುವವರಿಗೆ ಪೈಲ್ಸ್ ಬರುವುದಿಲ್ಲ ಅಂತೇನಿಲ್ಲ. ಕತ್ತರಿಸುವ ಆಪರೇಷನ್ ಆಗಿದ್ದರೆ ಮೊದಲ ಮೂರು ನಾಲ್ಕು ವಾರ ನಡಿಗೆ ಮಾತ್ರ. ಆಮೇಲೆ ಡಾಕ್ಟರನ್ನು ಕೇಳಿ ನಿಧಾನ ಓಟ. ಬಸ್ಕಿ, ಗುಂಡು ಎಸೆತ, ಉದ್ದ ಜಿಗಿತ ಎಲ್ಲಕ್ಕಿಂತ ಕೊನೆಗೆ. ಬೆವರಿದ ಒಳಉಡುಪನ್ನು ಕೂಡಲೇ ಬದಲಿಸಿ, ಆ ಜಾಗ ಒಣಗಿರಲಿ.

ಯೋಗದಲ್ಲಿ ನಿಧಾನ ಉಸಿರಾಟಕ್ಕೆ ಅಡ್ಡಿ ಇಲ್ಲ. ಹೊಟ್ಟೆಯನ್ನು ಜೋರಾಗಿ ಒಳಕ್ಕೆಳೆದು ಬಿಡುವ ಕಪಾಲಭಾತಿ, ಉಸಿರು ಕಟ್ಟುವ ಅಭ್ಯಾಸಗಳು, ಕುಕ್ಕರಗಾಲಿನ ಆಸನಗಳು ಗಾಯ ಮಾಯುವ ತನಕ ಬೇಡ. ಗುದದ ಸ್ನಾಯುವನ್ನು ಮೇಲಕ್ಕೆಳೆದು ಬಿಡುವ ಅಶ್ವಿನಿ ಮುದ್ರೆ ಒಳ್ಳೆಯದೇ. ಆದರೆ ಹಸಿ ಗಾಯದ ಮೇಲೆ ಅಲ್ಲ, ನೋವು ಹೋದ ಮೇಲೆ, ಡಾಕ್ಟರ್ ಹೂಂ ಅಂದ ಮೇಲೆ.

ನಡಿಗೆ ಒಂದೇ ಸಾಲದು

ಎಷ್ಟು ಜೋಪಾನವಾಗಿ ಓಡಾಡಿದರೂ ಬೆಳಗ್ಗೆ ತಿಣುಕಿದರೆ ಎಲ್ಲ ಹಾಳು. ರಾಗಿ ಈ ವಿಷಯದಲ್ಲಿ ನಮ್ಮ ಕಡೆಗಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇರುತ್ತದೆ, ಪಾಲಿಶ್ ಅಕ್ಕಿಯಲ್ಲಿ ಅದರ ಕಾಲು ಭಾಗದಷ್ಟೇ. ಮುದ್ದೆಗೆ ಸೊಪ್ಪು, ಕಾಳಿನ ಸಾರು ಇರಲಿ. ದಿನಕ್ಕೆ ಎರಡೂವರೆ ಮೂರು ಲೀಟರ್ ನೀರು ಕುಡಿಯಿರಿ. ಕಿಡ್ನಿ ಅಥವಾ ಹೃದಯದ ತೊಂದರೆ ಇದ್ದವರು ಮಾತ್ರ ನೀರಿನ ಅಳತೆ ಕೇಳಿಕೊಳ್ಳಿ. ಕೆಲವು ನೋವಿನ ಮಾತ್ರೆ ಮಲವನ್ನು ಗಟ್ಟಿ ಮಾಡುತ್ತವೆ, ಮಂಪರನ್ನೂ ತರುತ್ತವೆ. ಆದ್ದರಿಂದ ಮಲ ಸಡಿಲಿಸುವ ಔಷಧಿಯನ್ನು ಡಾಕ್ಟರ್ ಹೇಳಿದಷ್ಟು ದಿನ ತಪ್ಪಿಸಬೇಡಿ, ಮಂಪರು ಇರುವಾಗ ಗಾಡಿ ಹತ್ತಬೇಡಿ. ಪಾಯಿಖಾನೆಗೆ ಮೊಬೈಲ್ ಒಯ್ಯಬೇಡಿ, ಐದು ನಿಮಿಷದಲ್ಲಿ ಆಗದಿದ್ದರೆ ಎದ್ದು ಬನ್ನಿ. ಅಗಲ ಟಬ್ಬಿನಲ್ಲಿ ಉಗುರು ಬೆಚ್ಚಗಿನ ನೀರು ಹಾಕಿ ದಿನಕ್ಕೆ ಎರಡು ಮೂರು ಸಲ, ಹತ್ತು ಹದಿನೈದು ನಿಮಿಷ ಕೂತರೆ ಬಿಗಿದ ಸ್ನಾಯು ಸಡಿಲವಾಗಿ ನೋವು ಇಳಿಯುತ್ತದೆ. ಬೀಡಿ ಸೇದುವವರು ಈ ನೆಪದಲ್ಲಾದರೂ ಬಿಡಬಹುದು. ಕೆಮ್ಮಿದಾಗಲೂ ಒತ್ತಡ ಅಲ್ಲಿಗೇ ಬೀಳುತ್ತದೆ, ಹೊಗೆಯಿಂದ ಗಾಯ ಮಾಯುವುದೂ ನಿಧಾನ.

ಇವು ಕಂಡರೆ ಕಾಯಬೇಡಿ

ನಿಲ್ಲದ ರಕ್ತ ಅಥವಾ ಗಡ್ಡೆ ಗಡ್ಡೆ ರಕ್ತ, ತಲೆ ಸುತ್ತು, ಜ್ವರ ಚಳಿ, ಮೂತ್ರ ಕಟ್ಟುವುದು, ಕೀವು, ದಿನದಿಂದ ದಿನಕ್ಕೆ ಕಡಿಮೆಯಾಗುವ ಬದಲು ಏರುವ ನೋವು. ಇವುಗಳಲ್ಲಿ ಯಾವುದಾದರೂ ಕಂಡರೆ ರಾತ್ರಿಯಾದರೂ ಸರಿ, ಹಿರಿಯೂರಿಗೆ ಹೊರಡಿ, 108ಕ್ಕೆ ಕರೆ ಮಾಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಶುಗರ್ ಇರುವವರು ಇನ್ನಷ್ಟು ಎಚ್ಚರದಿಂದ ಇರಬೇಕು.

ಇನ್ನೂ ತೋರಿಸದೆ ಇರುವವರಿಗೂ ಒಂದು ಮಾತು. ಮಲದಲ್ಲಿ ರಕ್ತ ಬಂದದ್ದೆಲ್ಲ ಪೈಲ್ಸ್ ಅಲ್ಲ. ಕರುಳಿನ ಕ್ಯಾನ್ಸರ್ ಕೂಡ ಹಾಗೇ ಶುರುವಾಗಬಹುದು. ಬಸ್ ಸ್ಟ್ಯಾಂಡ್ ಗೋಡೆಯ ಪೋಸ್ಟರ್ ನೋಡಿ ಇಂಜೆಕ್ಷನ್ ಚುಚ್ಚಿಸಿಕೊಳ್ಳುವ ಮುಂಚೆ, ಓದಿದ ಡಾಕ್ಟರ್ ಒಬ್ಬರು ಕಣ್ಣಾರೆ ನೋಡಲಿ.

ಡಿಸ್ಚಾರ್ಜ್ ಆಗುವ ಮುಂಚೆ ಕೇಳಬೇಕಾದ ಐದು ಪ್ರಶ್ನೆ

ಅಮ್ಮ ಅವತ್ತು ಎರಡು ಪ್ರಶ್ನೆ ಕೇಳಿದ್ದಕ್ಕೇ ನಮಗೆ ಇಷ್ಟು ಗೊತ್ತಾಯಿತು. ನೀವು ಐದನ್ನೂ ಕೇಳಿ. ನಿಮ್ಮ ಕೆಲಸ ಏನು ಅಂತ ಮೊದಲು ಹೇಳಿ, ಆಮೇಲೆ ಕೇಳಿ.

1. ನನಗೆ ಆದದ್ದು ಯಾವ ಬಗೆಯ ಚಿಕಿತ್ಸೆ? ಬ್ಯಾಂಡಾ, ಇಂಜೆಕ್ಷನ್ನಾ, ಕತ್ತರಿಸಿದ್ದಾ?
2. ಎಷ್ಟು ಕೆಜಿ ತನಕ ಎತ್ತಬಹುದು, ಎಷ್ಟು ದಿನ?
3. ಬೈಕು, ಟ್ರ್ಯಾಕ್ಟರ್ ಯಾವತ್ತಿನಿಂದ?
4. ಕುಕ್ಕರಗಾಲಲ್ಲಿ ಕೂತು ಮಾಡುವ ಕೆಲಸ ಯಾವತ್ತಿನಿಂದ?
5. ರಕ್ತ ಬಂದರೆ ಯಾವ ನಂಬರಿಗೆ ಫೋನ್ ಮಾಡಲಿ?

ಉತ್ತರವನ್ನು ಕೆಜಿ ಮತ್ತು ದಿನದ ಲೆಕ್ಕದಲ್ಲೇ ಬರೆಸಿಕೊಳ್ಳಿ. "ಭಾರಿ ವ್ಯಾಯಾಮ ಬೇಡ" ಅಂತಷ್ಟೇ ಬರೆದುಕೊಟ್ಟರೆ, "ಯೂರಿಯಾ ಚೀಲ ಎತ್ತಬಹುದಾ ಡಾಕ್ಟ್ರೇ?" ಅಂತ ಇನ್ನೊಂದು ಸಲ ಕೇಳಿ. ನಾಚಿಕೆ ಬೇಡ.